ಉಪ್ಪಿಲ್ಲದ ಎಡೆ

ನಾನು ಜೀವಮಾನದಲ್ಲಿ ಒಂದೇ ಒಂದು ಸಿನಿಮಾದಲ್ಲಿ ಪಾತ್ರ ಮಾಡಿದ್ದೇನೆ. ಅದರಲ್ಲಿ ನನ್ನ ಮುಖ ಎಲ್ಲಿಯೂ ಕಾಣುವುದಿಲ್ಲ. ಬೆನ್ನು, ಬಿಚ್ಚಿದ ಕೂದಲು, ಕೈ, ಪಾದ, ಇಷ್ಟೇ. ಮಾಡಿದ್ದು ದೆವ್ವದ ಪಾತ್ರ. ಮೊಮ್ಮಕ್ಕಳಿಗೆ ಹೇಳಿದರೆ "ಅಜ್ಜಿ, ನಿನಗೆ ಮೇಕಪ್ಪೇ ಬೇಕಿರಲಿಲ್ಲ ಬಿಡು" ಎಂದು ನಗುತ್ತಾರೆ. ನಗಲಿ. ಆಗ ನಕ್ಕವರಿಗೆ ಹೋಲಿಸಿದರೆ ಇವರೇ ವಾಸಿ.

ಅರವತ್ತರ ದಶಕದ ಶುರುವಿನ ಮಾತು. ದಾವಣಗೆರೆಯಿಂದ ಮದುವೆಯಾಗಿ ಬೆಂಗಳೂರಿಗೆ ಬಂದೆ. ಬೆಂಗಳೂರು ಎಂದರೆ ಬೀದಿ ತುಂಬ ಜನ, ದೀಪ, ಗಲಾಟೆ ಎಂದುಕೊಂಡಿದ್ದೆ. ಬಂದಿಳಿದರೆ, ಜಯನಗರ ಮುಗಿದು ರಾಗಿ ಹೊಲ ಶುರುವಾಗುವ ಕಡೆ ನಮ್ಮ ಬಾಡಿಗೆ ಮನೆ. ಸುತ್ತ ಸೈಟುಗಳಿಗೆ ಕಲ್ಲು ನೆಟ್ಟಿದ್ದರು, ಮನೆ ಕಟ್ಟಿಸಿದ ಪುಣ್ಯಾತ್ಮ ಮಾತ್ರ ನಮ್ಮ ಮಾಲೀಕನೊಬ್ಬನೇ. ಕಟ್ಟಿಸಿದ ಮೇಲೆ ಅವನಿಗೂ ಬುದ್ಧಿ ಬಂದು, ತಾನು ಬಸವನಗುಡಿಯಲ್ಲೇ ಉಳಿದು ನಮಗೆ ಬಾಡಿಗೆಗೆ ಕೊಟ್ಟಿದ್ದ. ಪಕ್ಕದ ಹಳ್ಳಿಯವರು ಅದನ್ನು ಒಂಟಿ ಮನೆ ಎನ್ನುತ್ತಿದ್ದರು.

ನನ್ನ ಗಂಡ ಪೇಟೆಯ ಒಂದು ಫೋಟೋ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದರು. ಮದುವೆಗೆ ಮುಂಚೆ ಮದ್ರಾಸಿನಲ್ಲಿ ಯಾರೋ ಕ್ಯಾಮೆರಾಮನ್ ಕೈಕೆಳಗೆ ಕೆಲವು ವರ್ಷ ದುಡಿದವರು. ಸಿನಿಮಾದ ಹುಚ್ಚು ಅಲ್ಲಿಂದ ಅಂಟಿಸಿಕೊಂಡು ಬಂದದ್ದು. ಕೆಟ್ಟವರಲ್ಲ. ಕುಡಿಯುತ್ತಿರಲಿಲ್ಲ, ಕೈ ಎತ್ತುತ್ತಿರಲಿಲ್ಲ. ಬೆಳಗಿನ ಬಸ್ಸಿಗೆ ಹೋದರೆ ಕತ್ತಲಾದ ಮೇಲೆ ಬರುವರು. ಬಂದ ಮೇಲೂ ಅರ್ಧ ಮನುಷ್ಯ ಮಾತ್ರ ಮನೆಯಲ್ಲಿರುತ್ತಿದ್ದ, ಇನ್ನರ್ಧ ಎಲ್ಲೋ ಕ್ಯಾಮೆರಾ ಹಿಂದೆ.

ಹಗಲೆಲ್ಲ ನಾನೊಬ್ಬಳೇ. ಮಂಗಳವಾರ, ಶುಕ್ರವಾರ ಬನಶಂಕರಿ ಗುಡಿಗೆ ಹೋಗುವ ಹಳ್ಳಿಯ ಹೆಂಗಸರು ನಮ್ಮ ಗೇಟಿನ ಮುಂದೆಯೇ ಹಾದುಹೋಗುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ನಗುತ್ತಿದ್ದೆ. ಅವರು ಪೇಟೆಯವಳು ಎಂದು ಸಂಕೋಚದಿಂದ ತಲೆ ತಗ್ಗಿಸಿ ಹೋಗುತ್ತಿದ್ದರು. ಒಂದು ಗೌರಿ ಹಬ್ಬಕ್ಕೆ ಮೊರದ ಬಾಗಿನ ಸಿದ್ಧಮಾಡಿಕೊಂಡು ಕೂತೆ. ಕೊಡಲು ಒಬ್ಬ ಮುತ್ತೈದೆ ಸಿಗಲಿಲ್ಲ. ಕೊನೆಗೆ ಗುಡಿಗೆ ಹೋಗಿ ಮುಖ ಪರಿಚಯವಿಲ್ಲದ ಒಬ್ಬಳಿಗೆ ಕೊಟ್ಟು ಬಂದೆ. ನನಗೆ ಆಗ ಬೇಕಾಗಿದ್ದದ್ದು ಇಷ್ಟೇ: ಯಾರಾದರೂ ಒಬ್ಬ ಹೆಂಗಸು ನನ್ನನ್ನು ಮಾತಾಡಿಸಬೇಕು, ಬಾ ಎನ್ನಬೇಕು. ಒಡವೆ ಕೇಳಿದ್ದರೆ ಸಿಗುತ್ತಿತ್ತೇನೋ, ಇದು ಸಿಗಲಿಲ್ಲ.

ಒಂದು ಸಂಜೆ ಕರೆಂಟು ಹೋಗಿತ್ತು. ಅವರಿಗೆ ಬಡಿಸಲು ತಟ್ಟೆ ಹಾಕಿ, ನನ್ನ ಖಾಲಿ ತಟ್ಟೆಯನ್ನೂ ಎದುರಿಗಿಟ್ಟುಕೊಂಡು, ದೀಪ ಹಚ್ಚುವುದಕ್ಕೂ ಮನಸ್ಸಿಲ್ಲದೆ ಅಡುಗೆಮನೆಯಲ್ಲಿ ಕೂತಿದ್ದೆ. ತಲೆ ಸ್ನಾನ ಮಾಡಿದ್ದರಿಂದ ಕೂದಲು ಬಿಚ್ಚಿತ್ತು. ಒಳಗೆ ಬಂದ ನನ್ನ ಗಂಡ ಹೌಹಾರಿ ಗೋಡೆಗೆ ಒರಗಿದರು.

"ದೆವ್ವದ ಹಂಗೆ ಕೂತಿದ್ದೀಯಲ್ಲೇ!"

ನಾನು ನಗಬೇಕು ಅನ್ನುವಷ್ಟರಲ್ಲಿ ಅವರ ಕಣ್ಣು ಅರಳಿತು. "ಇರು, ಹಂಗೇ ಇರು, ಏಳ್ಬೇಡ" ಎಂದು ಸುತ್ತ ಓಡಾಡಿ, ಬೆರಳುಗಳ ಚೌಕಟ್ಟು ಮಾಡಿ ನನ್ನನ್ನು ನೋಡಿದರು. ಸಾರು ಆರಿಹೋಯಿತು. ಗಂಡ ಎಷ್ಟು ಹೊತ್ತಿಗೆ ಬಂದಾನು ಎಂದು ಕಾದು ಕೂತ ಹೆಂಡತಿ ಅವರಿಗೆ ಕಾಣಲಿಲ್ಲ, ದೆವ್ವ ಕಂಡಿತು. ಆ ಸಿಟ್ಟು ನನಗೆ ಇವತ್ತಿಗೂ ಪೂರ್ತಿ ಇಳಿದಿಲ್ಲ.

ಹೀಗೆ ಹುಟ್ಟಿತು ಆ ಸಿನಿಮಾ. ಮದ್ರಾಸಿನ ಗೆಳೆಯರು ಕೊಟ್ಟ ಮಿಕ್ಕ ರೀಲಿನ ತುಂಡುಗಳು, ಬಾಡಿಗೆ ಕ್ಯಾಮೆರಾ, ನಮ್ಮ ಮನೆ. ನಾಯಕ ಸ್ಟುಡಿಯೋದ ಪಕ್ಕದ ಅಂಗಡಿಯಲ್ಲಿ ಬಟ್ಟೆ ಅಳೆಯುವ ಒಬ್ಬ ಹುಡುಗ. ನಾಯಕಿಗೆ ಯಾರೂ ಒಪ್ಪದಿದ್ದರಿಂದ ನಾನು. ಕಥೆ ಎಂದರೆ, ಸತ್ತುಹೋದ ಹೆಂಡತಿ ದಿನಾ ಸಂಜೆ ಮನೆಗೆ ಬರುತ್ತಾಳೆ, ಒಲೆ ಹಚ್ಚುತ್ತಾಳೆ, ಗಂಡನಿಗೆ ಬಡಿಸುತ್ತಾಳೆ, ಖಾಲಿ ತಟ್ಟೆ ಇಟ್ಟುಕೊಂಡು ಎದುರಿಗೆ ಕೂರುತ್ತಾಳೆ. ಗಂಡನಿಗೆ ಅವಳು ಕಾಣುವುದಿಲ್ಲ. ಉಂಡು ಕೈ ತೊಳೆದು ಎದ್ದುಹೋಗುತ್ತಾನೆ. ಕೊಲೆಯಿಲ್ಲ, ಕಿರುಚಾಟವಿಲ್ಲ, ಮಾಂತ್ರಿಕನಿಲ್ಲ. "ಇದರಲ್ಲಿ ಹೆದರೋದು ಏನಿದೆ?" ಎಂದು ಕೇಳಿದೆ. "ಅದೇ ಹೆದರಿಕೆ, ನಿನಗೆ ಗೊತ್ತಾಗಲ್ಲ" ಎಂದರು. ನನಗೆ ಗೊತ್ತಾಗುವುದಿಲ್ಲವಂತೆ!

ಆದರೂ ಆ ಭಾನುವಾರಗಳು ನನಗೆ ಹಬ್ಬವಾಗಿದ್ದವು. ದೀಪ ಹಿಡಿಯುವವರು, ವೈರು ಎಳೆಯುವವರು, ಎಲ್ಲರೂ "ಅತ್ತಿಗೆ, ಕಾಫಿ" "ಅತ್ತಿಗೆ, ಇನ್ನೊಂದು ದೋಸೆ" ಎನ್ನುತ್ತಿದ್ದರು. ದೆವ್ವವೇ ಎದ್ದು ಒಗ್ಗರಣೆ ಹಾಕಿ ಬಂದು ಮತ್ತೆ ಕೂದಲು ಬಿಚ್ಚಿ ಕೂರುತ್ತಿತ್ತು. ಶೂಟಿಂಗ್ ಮುಗಿದ ಸಂಜೆ ಅವರೆಲ್ಲ ಸಾಮಾನು ಕಟ್ಟಿಕೊಂಡು ಹೋದಾಗ ನಾನು ಲೋಟ ತೊಳೆಯುತ್ತ ಅತ್ತೆ.

ಟಾಕೀಸುಗಳಲ್ಲಿ ಯಾರೂ ಹತ್ತಿರ ಸೇರಿಸಲಿಲ್ಲ. ನಮ್ಮ ಮನೆಯಿಂದ ಕೂಗಳತೆ ದೂರದ ಬಯಲಲ್ಲಿ ಒಂದು ಟೆಂಟ್ ಸಿನಿಮಾ ಇತ್ತು. ಅದರ ಯಜಮಾನ ಗಣೇಶನ ಹಬ್ಬ ಕಳೆದ ವಾರ ಬೇರೆ ಪ್ರಿಂಟ್ ಬರುವುದು ತಡವಾಯಿತೆಂದು ನಮ್ಮದನ್ನು ಹಾಕಿದ. ಟೆಂಟಿನಲ್ಲಿ ಆಗ ಗಂಡಸರಿಗೆ ಒಂದು ಕಡೆ, ಹೆಂಗಸರಿಗೆ ಒಂದು ಕಡೆ, ನಡುವೆ ಮೋಟು ಮಣ್ಣಿನ ಗೋಡೆ. "ನೀನು ಆ ಕಡೆ ಕೂತು ಹೆಂಗಸರು ಏನ್ ಮಾಡ್ತಾರೆ ನೋಡಿ ನನಗೆ ಹೇಳ್ಬೇಕು" ಎಂದು ಹೇಳಿ ನನ್ನ ಗಂಡ ಗಂಡಸರ ಕಡೆ ಹೋದರು. ನಾನು ಸೆರಗು ಹೊದ್ದು, ಎಲೆಯಡಿಕೆ ಅಗಿಯುತ್ತಿದ್ದ ಒಬ್ಬ ಮುದುಕಿಯ ಪಕ್ಕ ಮರಳಿನ ಮೇಲೆ ಕೂತೆ.

ದೆವ್ವ ಮೊದಲ ಸಲ ಬಂದಾಗ ಗಂಡಸರ ಕಡೆ ಶಿಳ್ಳೆ ಎದ್ದಿತು. ಒಲೆ ಹಚ್ಚಿದಾಗ ನಗು ಶುರುವಾಯಿತು.

"ಲೇ, ದೆವ್ವ ಅಡ್ಗೆ ಮಾಡ್ತೈತೆ ಕಣ್ಲಾ!"

"ನಮ್ಮನೇಗೂ ಒಂದ್ ಕಳ್ಸ್ರಪ್ಪೋ!"

"ಕಾಲ್ ನೋಡ್ಲಾ, ಮುಂದ್ಕೇ ಅವೆ! ಎಂಥಾ ದೆವ್ವನ್ಲಾ ಇದು!"

ದೆವ್ವದ ಪಾದ ಹಿಂದುಮುಂದಾಗಿರುತ್ತದೆ ಎಂಬುದು ಹಾಲುಗಲ್ಲದ ಮಕ್ಕಳಿಗೂ ಗೊತ್ತು. ಮದ್ರಾಸಿನಲ್ಲಿ ವಿದ್ಯೆ ಕಲಿತು ಬಂದ ನನ್ನ ಗಂಡನಿಗೆ ಹೊಳೆದಿರಲಿಲ್ಲ. ಆಮೇಲೆ ಪರದೆಯ ಮೇಲೆ ನನ್ನ ಕಾಲು ಕಂಡಾಗಲೆಲ್ಲ ಟೆಂಟು ಹಾರಿಹೋಗುವಂಥ ನಗು.

ಗೋಡೆಯ ಈಚೆ ಬೇರೆಯೇ ಆಗುತ್ತಿತ್ತು. ಹೆಂಗಸರು ಯಾರೂ ನಗಲಿಲ್ಲ. ಪಕ್ಕದ ಮುದುಕಿ ಅಗಿಯುವುದನ್ನು ನಿಲ್ಲಿಸಿದ್ದಳು.

"ಗಂಡಂಗೆ ಇಕ್ತಾವ್ಳೆ, ಅವ್ಳ್ ತಟ್ಟೇಲಿ ಏನೂ ಇಲ್ವಲ್ಲೇ" ಎಂದಳು.

"ಉಣ್ದೇ ಸತ್ತಿರ್ಬೇಕು ಕಣತ್ತೆ" ಎಂದಳು ಆಚೆ ಬದಿಯಲ್ಲಿದ್ದ ಅವಳ ಸೊಸೆ. "ಯಾರೂ ಎಡೆ ಇಕ್ಕಿಲ್ಲ. ಅದ್ಕೇ ಬತ್ತಾವ್ಳೆ."

"ಪಾಪದ್ದು. ಮುತ್ತೈದೆ ಬೇರೆ." ಮುದುಕಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಸ್ವಲ್ಪ ಹೊತ್ತಿಗೆ ಕತ್ತು ಮುಂದಕ್ಕೆ ಚಾಚಿ, "ಅಯ್ಯೋ, ಇದು ಆ ಒಂಟಿ ಮನೆ ಅಲ್ವೇನೇ? ಕಿಟ್ಕಿ ನೋಡು, ಜಗ್ಲಿ ನೋಡು" ಎಂದಳು. ಬಾಗಿಲಲ್ಲಿ ನಿಲ್ಲುತ್ತಿದ್ದ ಪೇಟೆಯವಳೇ ಸತ್ತು ಹೀಗಾಗಿದ್ದಾಳೆ ಎಂದು ಹೆಂಗಸರಲ್ಲಿ ಪಿಸುಮಾತು ಹರಡಿತು. ನಾನು ಸೆರಗನ್ನು ಇನ್ನಷ್ಟು ಕೆಳಗೆ ಎಳೆದುಕೊಂಡೆ. ಅವಳ ತೋಳು ನನ್ನ ತೋಳಿಗೆ ತಾಗುತ್ತಿತ್ತು, ನಾನೇ ಕಣವ್ವ ಅದು ಎನ್ನಬೇಕೆನಿಸಿತು.

ಮನೆಗೆ ಬರುವಾಗ ದಾರಿಯಲ್ಲಿ ನನ್ನ ಗಂಡ ಕೇಳಿದರು: "ಹೆಂಗಸರೂ ನಕ್ಕರಾ?"

"ಇಲ್ಲ, ಅತ್ತರು."

"ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ಬೇಡ."

ನಗು ಗೋಡೆ ದಾಟಿ ಕೇಳಿಸುತ್ತದೆ, ಅಳು ಕೇಳಿಸುವುದಿಲ್ಲ. ಎಷ್ಟು ಹೇಳಿದರೂ ಅವರು ನಂಬಲಿಲ್ಲ. ಟೆಂಟಿನವನು ಮಾರನೆಯ ದಿನವೇ ಬೇರೆ ಚಿತ್ರ ಹಾಕಿದ. ರೀಲಿನ ಡಬ್ಬಗಳು ಮಂಚದ ಕೆಳಗೆ ಹೋದವು. ಅವರು ಇನ್ನೂ ತಡವಾಗಿ ಬರತೊಡಗಿದರು. ಬಂದರೆ ಮಾತಿಲ್ಲ, ಊಟ ಮಾಡಿ ಎದ್ದುಹೋಗುವುದು. ನಾನು ಎದುರಿಗೆ ಕೂತಿರುತ್ತಿದ್ದೆ. ಸಿನಿಮಾ ಮುಗಿದಿದೆ ಎಂದು ನಮ್ಮಿಬ್ಬರಿಗೂ ಯಾರಾದರೂ ಹೇಳಬೇಕಾಗಿತ್ತು.

ಅದಕ್ಕಿಂತ ಹೆಚ್ಚಿನ ಕೇಡು ಗೇಟಿನ ಹೊರಗೆ ಆಗಿತ್ತು. ಗುಡಿಗೆ ಹೋಗುವ ಹೆಂಗಸರು ಈಗ ನಮ್ಮ ಮನೆ ಬಳಸಿಕೊಂಡು ಹೊಲದ ಬದುವಿನ ಮೇಲೆ ನಡೆಯುತ್ತಿದ್ದರು. ದನ ಕಾಯುವ ಹುಡುಗರು ಗೇಟಿನ ಮುಂದೆ ಬಂದರೆ ಓಟ ಕೀಳುತ್ತಿದ್ದರು. ಮೊದಲು ತಲೆ ತಗ್ಗಿಸಿಯಾದರೂ ಹತ್ತಿರ ಹಾಯುತ್ತಿದ್ದರು, ಅದೂ ಹೋಯಿತು. ಹೊರಗೆ ಹೋಗಿ ನಿಂತರೆ ಹೆದರುತ್ತಾರೆಂದು ನಾನೇ ಬಾಗಿಲು ಮುಂದೆ ಮಾಡಿಕೊಂಡು ಒಳಗಿರತೊಡಗಿದೆ.

ಮಹಾಲಯ ಅಮಾವಾಸ್ಯೆ ಬಂತು. ಮಟಮಟ ಮಧ್ಯಾಹ್ನ ಗೇಟಿನ ಹತ್ತಿರ ಬಳೆಯ ಸದ್ದು ಕೇಳಿ ಕಿಟಕಿಯ ಸಂದಿಯಿಂದ ನೋಡಿದೆ. ಟೆಂಟಿನ ಮುದುಕಿ, ಅವಳ ಸೊಸೆ, ಇನ್ನೊಬ್ಬಳು. ನೆಲಕ್ಕೆ ನೀರು ಚಿಮುಕಿಸಿ, ಬಾಳೆ ಎಲೆ ಹಾಸಿ, ತಂದದ್ದನ್ನೆಲ್ಲ ಬಡಿಸಿ, ಕೈಮುಗಿದು, ಹಿಂದಿರುಗಿ ನೋಡದೆ ಹೊರಟುಹೋದರು.

ಮೊದಲು ಮಾಟವೋ ಏನೋ ಎಂದುಕೊಂಡೆ. ಹತ್ತಿರ ಹೋಗಿ ನೋಡಿದರೆ ಅನ್ನ, ಅವರೆಕಾಳಿನ ಸಾರು, ವಡೆ, ಒಬ್ಬಟ್ಟು. ಪಕ್ಕದಲ್ಲಿ ಅರಿಶಿನ, ಕುಂಕುಮ, ಒಂದು ರವಿಕೆ ಕಣ, ಹಸಿರು ಗಾಜಿನ ಬಳೆ. ಆಗ ತಿಳಿಯಿತು. ಉಣ್ಣದೆ ಸತ್ತ ಆ ಮುತ್ತೈದೆಗೆ, ಯಾರೂ ಇಲ್ಲದವಳಿಗೆ, ಅವರು ತಮ್ಮ ಮನೆಯ ಹಿರಿಯರ ಜೊತೆಯಲ್ಲೇ ಎಡೆ ತಂದಿದ್ದರು. ನಾನು ಆ ಎಲೆಯನ್ನು ಎರಡು ಕೈಯಲ್ಲಿ ಎತ್ತಿಕೊಂಡು ಒಳಗೆ ತಂದೆ.

ಉಂಡೆ. ನಮ್ಮ ಅತ್ತೆ ನೋಡಿದ್ದರೆ ಊರಿಗೆಲ್ಲ ಡಂಗುರ ಹೊಡೆಸುತ್ತಿದ್ದರು, ಯಾರ ಮನೆಯದೋ, ಅದೂ ಸತ್ತವರಿಗೆ ಇಟ್ಟದ್ದು. ಆದರೆ ಇನ್ನೊಬ್ಬ ಹೆಂಗಸು ಮಾಡಿ ನನಗೆಂದು ಬಡಿಸಿದ ಅನ್ನ ನೋಡಿ ವರ್ಷಗಳಾಗಿದ್ದವು. ಸಾರಿಗೆ ಉಪ್ಪೇ ಇರಲಿಲ್ಲ. ಮರೆತಿದ್ದಾರೆ ಪಾಪ ಎಂದುಕೊಂಡು ಡಬ್ಬಿಯಿಂದ ಒಂದು ಚಿಟಿಕೆ ತೆಗೆದುಕೊಂಡೆ. ಹಾಕಿಕೊಳ್ಳುವ ಮೊದಲೇ ಅಳು ಬಂತು. ಬಳೆ ತೊಟ್ಟುಕೊಂಡೆ, ಅಳತೆ ಸರಿಯಾಗಿತ್ತು.

ಸಂಜೆ ಗಂಡನಿಗೆ ಹೇಳಿದೆ. ಕೂತಿದ್ದವರು ಎದ್ದು ನಿಂತರು. "ನಂಬಿದಾರೆ! ನಿಜ ಅಂತ ನಂಬಿಬಿಟ್ಟಿದಾರೆ!" ಎಂದು ಮನೆ ತುಂಬ ಓಡಾಡಿದರು. ಅಷ್ಟು ಸಂತೋಷ ಮದುವೆಯ ದಿನವೂ ಕಂಡಿರಲಿಲ್ಲ. ಯಾರು ಬಂದರು, ಎಷ್ಟು ಜನ, ಮುಖದಲ್ಲಿ ಭಯ ಇತ್ತೇ, ಮುಂದಿನ ಅಮಾವಾಸ್ಯೆಗೂ ಬರಬಹುದೇ, ಕಿಟಕಿಯಿಂದ ಫೋಟೋ ಹೊಡೆಯಬಹುದೇ, ಎಲ್ಲ ಕೇಳಿದರು.

"ಎಲೆ ಎಲ್ಲಿ?"

"ಕಾಗೆ ತಿಂತು."

ಯಾವ ಕಾಗೆ ಎಂದು ಕೇಳಲಿಲ್ಲ. ಕೈಯ ಹೊಸ ಬಳೆಯನ್ನೂ ನೋಡಲಿಲ್ಲ. ಮನೆಯಲ್ಲಿರುವವಳಿಗೆ ಹಸಿವಾಗಿದೆ ಎಂದು ಓದುಬರಹ ತಿಳಿಯದ ಹೆಂಗಸರು ಮರಳಿನ ಮೇಲೆ ಕೂತು ಕಂಡುಕೊಂಡಿದ್ದರು. ಕ್ಯಾಮೆರಾದೊಳಗಿಂದ ಅದನ್ನೇ ನೋಡಿದವರಿಗೆ ಕಂಡಿರಲಿಲ್ಲ.

ಮುಂದಿನ ಅಮಾವಾಸ್ಯೆ ದೀಪಾವಳಿಯದು. ಹೊಸ ಬಟ್ಟೆ ಹಾಕಿಕೊಂಡು ಫೋಟೋ ತೆಗೆಸುವವರ ನೂಕುನುಗ್ಗಲು, ಸ್ಟುಡಿಯೋದವರು ರಜೆ ಕೊಡಲಿಲ್ಲ. ಹಬ್ಬದ ದಿನವೂ ನಾನೊಬ್ಬಳೇ ಎಣ್ಣೆ ಹಚ್ಚಿಕೊಂಡು, ನಾನೊಬ್ಬಳೇ ನೀರು ಹಾಕಿಕೊಂಡು, ಬೆಳಗಿನಿಂದ ಕಿಟಕಿಯ ಹತ್ತಿರ ಕೂತೆ. ಯೋಚನೆ ಒಂದೇ. ಬಾಗಿಲು ತೆಗೆದರೆ ಹೆದರಿ ಓಡುತ್ತಾರೆ, ಇನ್ನೆಂದೂ ಈ ಕಡೆ ಬರುವುದಿಲ್ಲ. ತೆಗೆಯದಿದ್ದರೆ ಅಮಾವಾಸ್ಯೆಗೊಂದು ಎಲೆ ಸಿಗುತ್ತದೆ, ಆದರೆ ಸತ್ತವಳಾಗಿಯೇ ಉಣ್ಣಬೇಕು.

ಅವರು ಬಂದರು. ನೀರು ಚಿಮುಕಿಸಿದರು. ಎಲೆ ಹಾಸಿದರು. ಮುದುಕಿ ಕೂತು ಅನ್ನ ಬಡಿಸುತ್ತಿದ್ದಾಗ ನಾನು ಚಿಲಕ ತೆಗೆದೆ.

ಸೊಸೆಯೂ ಇನ್ನೊಬ್ಬಳೂ ಚೊಂಬು ಅಲ್ಲೇ ಎಸೆದು, ಕೂಗಿಕೊಂಡು ಬೇಲಿಯ ಆಚೆಗೆ ಓಡಿದರು. ಮುದುಕಿ ಓಡಲಿಲ್ಲ. ಧೈರ್ಯದಿಂದಲ್ಲ, ಮಂಡಿ ಹಿಡಿದುಕೊಂಡಿತ್ತು. ಕೂತಲ್ಲಿಂದಲೇ ನನ್ನ ಪಾದ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಕೈಯ ಹಸಿರು ಬಳೆ ನೋಡಿದಳು.

"ಯಾರವ್ವಾ ನೀನು?"

"ಈ ಮನೆಯಾಕಿ. ಸಿನಿಮಾದಾಗಿದ್ದಾಕಿ ನಾನ, ಅಜ್ಜಿ. ಸತ್ತಿಲ್ಲ."

"ಓದ್ ಅಮಾಸೆ ಎಲೆ?"

"ನಾನ ಉಂಡೆ. ಸಾರಿಗೆ ಉಪ್ಪಿರಲಿಲ್ಲ."

ಮುದುಕಿಯ ಮುಖ ಒಂದು ಥರ ಆಯಿತು. ನಗುತ್ತಾಳೋ ಬೈಯುತ್ತಾಳೋ ಗೊತ್ತಾಗಲಿಲ್ಲ.

"ದೆವ್ವಕ್ಕೆ ಉಪ್ಪಾಕಾಕಿಲ್ಲ ಕಣ್ ಮಗ" ಎಂದಳು.

ಬಡಿಸಿದ ಎಲೆಯನ್ನು ಮಡಚಿ ಎತ್ತಿ ಕಾಂಪೌಂಡಿನ ಮೇಲೆ ಕಾಗೆಗಳಿಗೆ ಇಟ್ಟಳು. ಕೈ ತೊಳೆದುಕೊಂಡು, ಅದೇ ಒದ್ದೆ ಕೈಯನ್ನು ನನ್ನ ಕಡೆ ಚಾಚಿದಳು. ನಾನು ಅವಳನ್ನು ಎಬ್ಬಿಸಿದೆ. ಎದ್ದ ಮೇಲೂ ಕೈ ಬಿಡಲಿಲ್ಲ.

"ಉಪ್ಪಾಕಿರೋದು ಮನೇಲೈತೆ. ಬಾ."

ಬಾಗಿಲು ಹಾಕಿದೆನೋ ಇಲ್ಲವೋ ನೆನಪಿಲ್ಲ. ಗೇಟು ದಾಟಿದಾಗ ಬೇಲಿಯ ಮರೆಯಲ್ಲಿ ಎರಡು ತಲೆ ಕಾಣಿಸಿದವು. ಮುದುಕಿ ನನ್ನ ಕೈಯನ್ನು ಬಳೆಯ ಸಮೇತ ಮೇಲೆತ್ತಿ ಅವರಿಗೆ ತೋರಿಸಿ ಕೂಗಿದಳು:

"ಬರ್ರೇ, ಬದ್ಕವ್ಳೆ!"