ಊರವರು ಬಿಡಿಸಿದ ಮದುವೆ

ಮಗುವಿಗೆ ನೀರು ಹಾಕಿ, ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ, ಮೊಮ್ಮಗಳ ಕೂದಲನ್ನು ಹೊಗೆಗೆ ಹಿಡಿದಿದ್ದೆ. ಎಂಥ ಕೂದಲು ಅಂತೀರಿ, ನಮ್ಮ ವಂಶದಲ್ಲೇ ಯಾರಿಗೂ ಇರಲಿಲ್ಲ ಅಂಥದ್ದು. ಎಷ್ಟು ನೋಡಿದರೂ ನನಗೆ ಸಾಲದು. ಆ ಹೊಗೆ ಮೂಗಿಗೆ ಬಡಿದದ್ದೇ ತಡ, ಎದುರು ಮನೆಯ ಲಾಯರಮ್ಮ ಪಕ್ಕದಲ್ಲಿ ಬಂದು ಕೂತ ಹಾಗಾಯಿತು. ಹೊಳೆನರಸೀಪುರದ ನಮ್ಮ ಬೀದಿಗೆ ಸಂಜೆಯಾದರೆ ಹೊಳೆ ಕಡೆಯಿಂದ ಸೊಳ್ಳೆ ನುಗ್ಗುತ್ತಿದ್ದವು. ಕೇಸಿನವರು ಬಂದು ಕೂರುವ ಮುಂದಿನ ಕೋಣೆಗೆ ಅವರು ಸಾಂಬ್ರಾಣಿ ಹಾಕಿ, ಆಮೇಲೆ ತಾವೇ ಕೆಮ್ಮುತ್ತಾ ಕಾಗದ ಓದುತ್ತಿದ್ದರು…

ನಾನು ಓದಿದ್ದು ಮೂರನೇ ಕ್ಲಾಸು. ಕೋರ್ಟು ಅಂದರೆ ಸಂತೆಗೆ ಹೋಗುವಾಗ ಕಾಣುವ ಒಂದು ಕಾಂಪೌಂಡು, ಅಷ್ಟೇ ಗೊತ್ತು. ಮಗಳನ್ನು ಚನ್ನರಾಯಪಟ್ಟಣದ ಕಡೆಗೆ ಕೊಟ್ಟಿದ್ದೆವು. ಹೊಂದಲಿಲ್ಲ. ಹೊಡೆತ ಬಡಿತ ಅಂತೇನೂ ಇರಲಿಲ್ಲ, ಒಂದೇ ಮನೆಯಲ್ಲಿ ಇಬ್ಬರೂ ಮಾತು ಬಿಟ್ಟು ಕೂತರು. ಕೊನೆಗೆ ಎರಡೂ ಕಡೆಯ ಹಿರಿಯರು ಆ ಊರಿನ ದೇವಸ್ಥಾನದ ಜಗಲಿಯಲ್ಲಿ ಸೇರಿದರು. ನಮ್ಮ ಕಡೆಯ ಪದ್ಧತಿ ಅದು. ತವರಿಂದ ಹೋದದ್ದು ತವರಿಗೆ, ಗಂಡಿನ ಕಡೆ ಹಾಕಿದ್ದು ಗಂಡಿನ ಕಡೆಗೆ. ಹಂಡೆ, ಬಿಂದಿಗೆ, ಮಂಚ ನಮಗೆ ಬಂದವು. ತಾಳಿ ಅವರಿಗೆ ಹೋಯಿತು. ಛಾಪಾ ಕಾಗದದ ಮೇಲೆ ಬಿಡುಗಡೆ ಅಂತ ಬರೆಸಿ ಹಿರಿಯರೆಲ್ಲ ರುಜು ಹಾಕಿದರು. ಅಲ್ಲಿಗೆ ಮುಗಿಯಿತು ಅಂದುಕೊಂಡೆವು.

ಒಂದಷ್ಟು ಕಾಲ ಕಳೆದ ಮೇಲೆ ಸಾಲಗಾಮೆ ಕಡೆಯಿಂದ ಸಂಬಂಧ ಬಂತು. ಹುಡುಗ ಹಾಸನದಲ್ಲಿ ಕೆಲಸದಲ್ಲಿದ್ದ, ಹೆಂಡತಿ ತೀರಿಕೊಂಡಿದ್ದಳು. ಮಗಳು ತಾನಾಗಿಯೇ ಒಪ್ಪಿದಳು. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಲಗ್ನಪತ್ರಿಕೆ ಅಚ್ಚಾಗಿ ಬಂದ ದಿನ ಮೊದಲು ಎದುರು ಮನೆಗೇ ಹೋದೆ.

ಲಾಯರಮ್ಮ ಪತ್ರಿಕೆ ತೆಗೆದುಕೊಂಡು, "ಬಹಳ ಸಂತೋಷ ಕಣಮ್ಮ. ಮೊದಲನೇದು ಯಾವ ಕೋರ್ಟಲ್ಲಿ ಬಿಡಿಸಿದ್ದು?" ಅಂದರು.

"ಕೋರ್ಟ್ಯಾಕೆ ಲಾಯ್ರಮ್ಮ, ಊರೋರೇ ಕುಂತು ಬುಡ್ಸಿದ್ರು. ಪತ್ರ ಅದೆ ತಡೀರಿ," ಅಂತ ಹೋಗಿ ಬೀರುವಿನಿಂದ ತಂದು ಕೊಟ್ಟೆ.

ಅವರು ಓದಿದರು. ಕನ್ನಡಕ ತೆಗೆದಿಟ್ಟರು. "ಊರೋರು ಬಿಡಿಸಿದಾರೆ, ಕಾನೂನು ಬಿಡಿಸಿಲ್ಲ. ಇವಳು ಇವತ್ತಿಗೂ ಅವನ ಹೆಂಡತಿಯೇ. ಈಗ ಇನ್ನೊಂದು ಮದುವೆ ಮಾಡಿದರೆ ಅದು ಮದುವೆ ಅಂತ ನಿಲ್ಲೋದಿಲ್ಲ, ಮೇಲೆ ಕೇಸೂ ಆಗಬಹುದು."

ನನ್ನ ಕೈಯಲ್ಲಿ ಪತ್ರಿಕೆಯ ಕಟ್ಟು ಹಾಗೇ ಇತ್ತು…

ಅದೇ ಸಂಜೆ ಸುದ್ದಿ ತಿಳಿದು ಅರಕಲಗೂಡಿನಿಂದ ನಮ್ಮ ಭಾವನವರು ಬಂದರು. ಆ ಪತ್ರ ಬರೆಸಿದವರೇ ಅವರು. ನಮ್ಮ ಯಜಮಾನರನ್ನೂ ಮಗಳನ್ನೂ ನನ್ನನ್ನೂ ಕರೆದುಕೊಂಡು ಲಾಯರಮ್ಮನ ಎದುರು ಕೂತರು. "ಅಷ್ಟ್ ಜನ ದೊಡ್ಡೋರು ರುಜು ಆಕವ್ರೆ. ಅದ್ಕೆ ಬೆಲೆನೇ ಇಲ್ವಾ ಮೇಡಂ?"

"ಇಡೀ ಅರಕಲಗೂಡೇ ಬಂದು ರುಜು ಹಾಕಲಿ ಗೌಡ್ರೇ, ಡೈವೋರ್ಸ್ ಕೊಡೋದು ಜಡ್ಜು. ಈಗ ಗಂಡಸರು ಸ್ವಲ್ಪ ಆಚೆ ಕೂತಿರಿ. ಮದುವೆ ಆಗಿದ್ದು ಇವಳು."

ಭಾವ ಗೊಣಗಿಕೊಂಡೇ ಎದ್ದರು. ಲಾಯರಮ್ಮ ಮಗಳ ಕಡೆ ತಿರುಗಿ, "ಅಲ್ಲಿ ನಿಂದು ಇನ್ನೇನು ಉಳಿದಿದೆ, ಹೇಳು," ಅಂದರು.

ಮಗಳು, "ನನ್ ಒಲಿಗೆ ಮಿಷನ್," ಅಂದಳು. ರವಿಕೆ ಹೊಲಿದು ಹೊಲಿದು ಕೊಂಡ ಮಿಷನ್ನು. ತವರಿಂದ ಹೋದದ್ದಲ್ಲ, ಅವರು ಕೊಟ್ಟದ್ದೂ ಅಲ್ಲ. ಹಾಗಾಗಿ ಜಗಲಿಯ ಮೇಲೆ ಅದರ ಮಾತೇ ಬಂದಿರಲಿಲ್ಲ. "ನನ್ ಸರಾನೂ ನನ್ ಹೆಸ್ರಲ್ಲೇ ಬ್ಯಾಂಕಲ್ಲಿ ಅಡ ಇಟ್ಟವ್ರೆ…" ಅನ್ನುತ್ತಿದ್ದಂತೆ ಅಳು ಬಂತು. ತವರಿಗೆ ವಾಪಸು ಬಂದ ಮೇಲೆ ಅವಳು ಅತ್ತದ್ದು ಅದೇ ಮೊದಲು. ನಾನು ಎದ್ದರೆ ಲಾಯರಮ್ಮ ಕೈಸನ್ನೆ ಮಾಡಿ ಕೂರಿಸಿದರು.

"ಅದೆಲ್ಲ ಅಲ್ಲೇ ಇರ್ಲಿ ಬುಡಿ ಲಾಯ್ರಮ್ಮ. ಅವ್ನ ರುಜು ಸಿಕ್ರೆ ಸಾಕು ನಮ್ಗೆ," ಅಂದೆ.

"ಬಿಡೋದು ಸುಲಭ. ನಾಳೆ ಬ್ಯಾಂಕಿನ ನೋಟಿಸು ಬರೋದು ಇವಳ ಹೆಸರಿಗೆ, ನಿಮ್ಮ ಹೆಸರಿಗಲ್ಲ. ಸುಮ್ಮನಿರಿ," ಅಂತ ನನ್ನ ಮೇಲೇ ರೇಗಿದರು. ಸಿಟ್ಟು ಸ್ವಲ್ಪ ಜಾಸ್ತಿಯೇ ಅವರಿಗೆ.

ಮಗಳ ಮೊದಲ ಗಂಡನಿಗೂ ಅವರೇ ಹೇಳಿ ಕಳಿಸಿದರು, ನೀನೂ ಇನ್ನೊಂದು ಮದುವೆ ಆಗೋ ಹಾಗಿಲ್ಲ ಕಣಪ್ಪ ಅಂತ. ಅವನಿಗೂ ಮನೆಯಲ್ಲಿ ಹೆಣ್ಣು ನೋಡುತ್ತಿದ್ದರಂತೆ. ಬಂದ. ಇಬ್ಬರೂ ಒಪ್ಪಿ ಒಂದೇ ಅರ್ಜಿ ಹಾಕಿದರು. ಸರ ಬಿಡಿಸಿ ಕೊಡಬೇಕು, ಮಿಷನ್ನು ತಂದುಕೊಡಬೇಕು ಅನ್ನುವುದೂ ಅದರೊಳಗೇ ಸೇರಿತು. ಜಡ್ಜು ಮತ್ತೆ ಕರೆಯುವುದಕ್ಕೆ ಆರು ತಿಂಗಳು ಕಾಯಬೇಕು ಅಂದರು.

ಆರು ತಿಂಗಳು ಬೀಗರು ಕಾಯುತ್ತಾರೆಯೇ? ಈ ಸಂಬಂಧವೂ ಕೈ ಬಿಟ್ಟರೆ ಮಗಳ ಮುಖ ಹೇಗೆ ನೋಡಲಿ? ಅದೇ ದಿಗಿಲಿನಲ್ಲಿ ಸಾಲಗಾಮೆಗೆ ಹೋದೆ. ಹುಡುಗನ ತಾಯಿ ಪೂರ್ತಿ ಕೇಳಿಸಿಕೊಂಡು, "ಕಾಯ್ತೀವಿ ಕಣವ್ವ. ನಿಮ್ ಮಗಳು ನೆಟ್ಟಗೆ ಬರ್ಲಿ. ಪತ್ರಿಕೆ ಇನ್ನೊಂದ್ಸಲ ಅಚ್ಚಾಕ್ಸುದ್ರಾಯ್ತು," ಅಂದರು. ಬಸ್ಸಿನಲ್ಲಿ ಮನೆ ಮುಟ್ಟುವವರೆಗೂ ಅಳುತ್ತಲೇ ಬಂದೆ, ಸಂತೋಷಕ್ಕೆ.

ಕೊನೆಯ ದಿನ ಜಡ್ಜು ಇಬ್ಬರನ್ನೂ ಕೇಳಿದರು, ಇಬ್ಬರೂ ಹೂಂ ಅಂದರು. ಸರ ಆಗಲೇ ಕೈಗೆ ಬಂದಿತ್ತು, ಹೊರಗೆ ಲಗೇಜು ಆಟೋದಲ್ಲಿ ಮಿಷನ್ನು ಬಂದು ನಿಂತಿತ್ತು. ಅದನ್ನು ಇಳಿಸುತ್ತಾ ಅವನು, "ಸೂಜಿ ಮುರ್ದೋಗದೆ. ಬ್ಯಾರೆ ಆಕ್ಸ್ಕೊ," ಅಂದ.

"ಎಣ್ಣೆನಾದ್ರೂ ಬುಟ್ಟಿದ್ರಾ?" ಅಂದಳು ಮಗಳು.

"ನಂಗೇನ್ ಗೊತ್ತಾಯ್ತದೆ ಅದು."

ಇಬ್ಬರಿಗೂ ಸಣ್ಣಗೆ ನಗು ಬಂತು. ಲಾಯರಮ್ಮ ಕೋಟಿನ ಗುಂಡಿ ಬಿಚ್ಚಿಕೊಳ್ಳುತ್ತಾ ಬೇರೆ ಕಡೆ ಮುಖ ಮಾಡಿ ನಿಂತರು. ಆ ಮದುವೆ ಮುಗಿದದ್ದು ಹಾಗೆ…

ಎರಡನೇ ಮದುವೆಗೆ ಲಾಯರಮ್ಮ ಬಂದು, ಹೋಳಿಗೆ ಗಟ್ಟಿಯಾಗಿದೆ ಅಂತ ಅಡಿಗೆಯವರ ಮೇಲೂ ರೇಗಿ ಹೋದರು. ಹೋದ ವರ್ಷ ಜ್ವರ ಅಂತ ಮಲಗಿದವರು ಏಳಲಿಲ್ಲ. ಎದುರು ಮನೆಗೆ ಈಗ ಬೇರೆಯವರು ಬಂದಿದ್ದಾರೆ.

ಮೊಮ್ಮಗಳು ಹುಟ್ಟಿದ ದಿನ ಹಾಸನದ ಆಸ್ಪತ್ರೆಯಲ್ಲಿ ನರ್ಸು ಬಂದು, ಮಗುವಿನ ತಂದೆ ಹೆಸರೇನು ಅಂತ ಕೇಳಿದಳು. ಮಗಳು ಮಲಗಿದ್ದಲ್ಲಿಂದಲೇ ಗಟ್ಟಿಯಾಗಿ ಹೇಳಿದಳು. ಬರೆದುಕೊಂಡು ಹೋದಳು ನರ್ಸು. ಇನ್ನೇನೂ ಕೇಳಲಿಲ್ಲ. ಊರಿಗೆ ಹೋದ ತಕ್ಷಣ ಇದನ್ನು ಎದುರು ಮನೆಗೆ ಹೇಳಬೇಕು ಅಂತ ಎದ್ದು ನಿಂತೇಬಿಟ್ಟೆ… ಆಮೇಲೆ ನೆನಪಾಯಿತು. ಹೇಳದೆ ಇರಲು ಮಾತ್ರ ಆಗಲಿಲ್ಲ. ಪಕ್ಕದ ಮಂಚದ ಬಾಣಂತಿಯ ತಾಯಿ ಎಚ್ಚರವಾಗಿದ್ದರು, ಅವರಿಗೇ ಮೊದಲಿಂದ ಹೇಳಿದೆ.