ಅಮ್ಮನನ್ನು ಗೋದಾಮಿನಲ್ಲಿಡುವ ಯೋಜನೆ

ಸ್ಪ್ಯಾನಿಷ್ ಭಾಷೆಯಲ್ಲಿ ನನಗೆ ಬರುವುದು ಮೂರೇ ಪದ: ಅಮ್ಮ, ಹುಚ್ಚಿ, ಕ್ಷಮಿಸು. ಮೆಕ್ಸಿಕೋದ ಹಳೆಯ ಕಪ್ಪು-ಬಿಳುಪು ಸಿನಿಮಾ ನೋಡಲು ಇಷ್ಟು ಧಾರಾಳವಾಗಿ ಸಾಕು. ನಾಲ್ಕನೆಯ ಪದ ಕಲಿತವರು ಸುಮ್ಮನೆ ಶ್ರಮಪಟ್ಟರು ಎಂದೇ ನನ್ನ ಅಭಿಪ್ರಾಯ.

ಈ ಪಾಂಡಿತ್ಯ ಬಂದದ್ದು ವ್ಯಾಪಾರದಿಂದ. ನಾನು ನೆಲೆಸಿರುವ ಈ ಹೊರದೇಶದ ದ್ವೀಪನಗರದಲ್ಲಿ, ಕಾಕಿ ಬುಕಿತ್‌ನಲ್ಲಿ ನನ್ನದೊಂದು ಗೋದಾಮಿದೆ. ಮುಚ್ಚುವ ಕಚೇರಿಗಳ ಮೇಜು, ಕುರ್ಚಿ, ಕಪಾಟು ಕೊಂಡು ತೆರೆಯುವ ಕಚೇರಿಗಳಿಗೆ ಮಾರುತ್ತೇನೆ. ಒಮ್ಮೆ ಡಿವಿಡಿ ಬಾಡಿಗೆಗೆ ಕೊಡುವ ಅಂಗಡಿಯೊಂದು ಮುಚ್ಚಿತು. ಕಪಾಟಿನ ಜೊತೆಗೆ ಒಳಗಿರುವ ಡಿವಿಡಿಗಳೂ ಬರಬೇಕೆಂದು ಅರ್ಧ ಗಂಟೆ ಚೌಕಾಸಿ ಮಾಡಿ ಗೆದ್ದೆ. ಅವನ್ನು ಕಸಕ್ಕೆ ಹಾಕಲು ಯಾರಾದರೂ ಸಿಕ್ಕಾರೇ ಎಂದು ಆ ಅಂಗಡಿಯವನು ಒಂದು ವಾರದಿಂದ ಹುಡುಕುತ್ತಿದ್ದನಂತೆ. ಇದು ನನಗೆ ಆಮೇಲೆ ತಿಳಿಯಿತು. ಗೆದ್ದ ಮೇಲೆ ವಿಚಾರಿಸಬಾರದು, ನೀವೂ ನೆನಪಿಟ್ಟುಕೊಳ್ಳಿ.

ಆ ರಾಶಿಯಲ್ಲಿದ್ದ ಮೆಕ್ಸಿಕೋ ಸಿನಿಮಾಗಳು ನಮ್ಮಮ್ಮನ ಪಾಲಾದವು. ಅಮ್ಮ ಮೈಸೂರಿನಿಂದ ಬಂದು ಚೋವಾ ಚು ಕಾಂಗ್‌ನ ನಮ್ಮ ಫ್ಲ್ಯಾಟಿನಲ್ಲೇ ಇದ್ದಾರೆ. ಅವರಿಗೆ ಸ್ಪ್ಯಾನಿಷ್ ಬಾರದು, ಕೆಳಗೆ ಓಡುವ ಇಂಗ್ಲಿಷ್ ಅಕ್ಷರ ಓದುವಷ್ಟು ಪುರಸೊತ್ತಿಲ್ಲ. ಆದರೂ ಕಥೆ ನನಗಿಂತ ಮೊದಲೇ ಗೊತ್ತಾಗುತ್ತದೆ. "ನೋಡ್ತಿರು, ಈ ಮೀಸೆಯವನು ಡಾಕ್ಟ್ರು. ಇವನೇ ಮನೆ ಹಾಳು ಮಾಡೋದು" ಎನ್ನುತ್ತಾರೆ. ಹಾಗೆಯೇ ಆಗುತ್ತದೆ.

ಈ ಸಿನಿಮಾಗಳಲ್ಲಿ ಹುಚ್ಚು ಬರುವ ರೀತಿಯೇ ಭರ್ಜರಿ. ಗುಡುಗು, ಆರುವ ಮೇಣದಬತ್ತಿ, ಬಿಚ್ಚಿದ ಕೂದಲು, ಮೆಟ್ಟಿಲ ಮೇಲಿಂದ ಒಂದು ನಗು. ನಮ್ಮ ಹಳೆಯ ಸಿನಿಮಾಗಳಲ್ಲೂ ಅಷ್ಟೇ, ತಲೆಗೆ ಪೆಟ್ಟು ಬಿದ್ದರೆ ಬರುತ್ತದೆ, ಇನ್ನೊಂದು ಪೆಟ್ಟು ಬಿದ್ದರೆ ಹೋಗುತ್ತದೆ. ನಿಜದಲ್ಲಿ ಅದು ಬರುವಾಗ ಸದ್ದೇ ಇರುವುದಿಲ್ಲ. ನಾನು ಏಳನೇ ಕ್ಲಾಸಿನ ಹುಡುಗಿಯಾಗಿದ್ದಾಗ ಅಮ್ಮ ಒಂದು ಬೆಳಿಗ್ಗೆ ಸೀರೆ ಒಗೆಯಲು ಕುಳಿತವರು ಸಂಜೆಯಾದರೂ ಎದ್ದಿರಲಿಲ್ಲ. ಒಗೆದು ಹಿಂಡಿದ ಅದೇ ನಾಲ್ಕು ಸೀರೆಯನ್ನು ಮತ್ತೆ ಮತ್ತೆ ಒಗೆಯುತ್ತಿದ್ದರು. ಆರು ತಿಂಗಳು ಆಸ್ಪತ್ರೆಯಲ್ಲಿದ್ದರು. ಇನ್ನೊಂದು ಪೆಟ್ಟಿನ ಅಗತ್ಯ ಬೀಳಲಿಲ್ಲ. ಮಾತ್ರೆಯಿಂದ ನಿಧಾನವಾಗಿ ಸರಿಹೋಯಿತು. ಮಾತ್ರೆ ಇಂದಿಗೂ ನಿಂತಿಲ್ಲ, ಹುಚ್ಚು ಮತ್ತೆ ಬಂದಿಲ್ಲ.

ಇಷ್ಟು ಸರಳವಾದ ಸಂಗತಿಯನ್ನು ನಮ್ಮ ಮನೆಯಲ್ಲಿ ಮೂವತ್ತು ವರ್ಷ ಯಾರೂ ಬಾಯಿಬಿಟ್ಟು ಹೇಳಿಲ್ಲ. ಹೆಣ್ಣು ಕೊಡುವಾಗ ತರುವಾಗ ನಮ್ಮವರು ಜಾತಕಕ್ಕಿಂತ ಮೊದಲು ತಗ್ಗಿದ ದನಿಯಲ್ಲಿ ವಿಚಾರಿಸುವುದು ಇದನ್ನೇ: ಮನೆತನದಲ್ಲಿ ಯಾರಿಗಾದರೂ ತಲೆ ಕೆಟ್ಟಿತ್ತಾ?

ನನ್ನ ಮಗಳು ನಿವೇದಿತಾಗೆ ಸೆಂಬವಾಂಗ್‌ನ ಒಂದು ಕನ್ನಡ ಮನೆಯಿಂದ ಸಂಬಂಧ ಬಂತು. ಹುಡುಗ, ಹುಡುಗಿ ಎರಡು ಸಲ ಕಾಫಿ ಕುಡಿದು ಒಪ್ಪಿಕೊಂಡಿದ್ದರು. ಉಳಿದದ್ದು ಹಿರಿಯರು ಬಂದು ನೋಡುವ ಶಾಸ್ತ್ರ. ಹುಡುಗನ ತಾಯಿ ಸುಮಿತ್ರಾ ಫೋನಿನಲ್ಲಿ, "ನಿಮ್ಮ ತಾಯಿಯವರೂ ನಿಮ್ಜೊತೇಲೇ ಇದ್ದಾರಂತಲ್ಲ?" ಎಂದರು. ನನ್ನ ಬಾಯಿ ನನ್ನನ್ನು ಕೇಳಲೇ ಇಲ್ಲ. "ಇಲ್ಲ, ಅವರು ಮೈಸೂರಲ್ಲೇ ಇದ್ದಾರೆ" ಎಂದುಬಿಟ್ಟಿತು.

ಸುಳ್ಳಿಗೆ ತಕ್ಕ ಜಾಗ ಬೇಕಲ್ಲ. ಶನಿವಾರ ಮಧ್ಯಾಹ್ನ ಅಮ್ಮನನ್ನು ಗೋದಾಮಿನ ಆಫೀಸ್ ರೂಮಿನಲ್ಲಿ ಕೂರಿಸುವುದೆಂದು ಠರಾಯಿಸಿದೆ. ಎಸಿ ಇದೆ, ಡಿವಿಡಿ ಪ್ಲೇಯರ್ ಇದೆ, ಕೂರಲು ಬೇಕಾದಂಥ ಕುರ್ಚಿ ಇದೆ. ನಿವೇದಿತಾ ಕೇಳಿದವಳೇ, "ಅಮ್ಮಾ, ಅಜ್ಜಿನ ಸ್ಟಾಕ್ ಜೊತೆ ಇಡೋದಾ? ಕೆನಾಟ್ ಲಾ" ಎಂದು ಇಲ್ಲಿಯ ಇಂಗ್ಲಿಷಿನಲ್ಲೇ ಆಗದೆಂದಳು. ನಾನು ಅವಳಿಗೆ ಲೋಕಜ್ಞಾನವಿಲ್ಲವೆಂದೆ.

ಗುರುವಾರ ಸಂಜೆ ಅಮ್ಮನ ಪಕ್ಕ ಕುಳಿತು ಹೊಸದೊಂದು ಡಿವಿಡಿ ಹಾಕಿದೆ. ದೊಡ್ಡ ಮನೆ, ವಿಧವೆ ತಾಯಿ, ಮೂವರು ಗಂಡುಮಕ್ಕಳು, ಒಬ್ಬಳು ಮಗಳು. ತಾಯಿಗೆ ಬುದ್ಧಿ ಕೆಟ್ಟಿತೆಂದು ಮಕ್ಕಳು ಅವಳನ್ನು ಆಸ್ಪತ್ರೆಗೆ ಸೇರಿಸುತ್ತಾರೆ. ಮಗಳ ಮದುವೆ ತಪ್ಪಬಾರದೆಂದು ಊರಿಗೆಲ್ಲ ಅಮ್ಮ ಸಮುದ್ರದಂಡೆಯ ಮಠಕ್ಕೆ ಹೋಗಿದ್ದಾಳೆ ಎಂದು ಸಾರುತ್ತಾರೆ. ಒಳ್ಳೆಯ ಅಳಿಯ ಆಶೀರ್ವಾದ ಬೇಡಲು ಮಠಕ್ಕೇ ಹೋಗಿಬಿಡುತ್ತಾನೆ. ಅಲ್ಲಿಂದ ಮುಂದೆ ಒಂದೂವರೆ ಗಂಟೆ ಬರೀ ಕಣ್ಣೀರು.

ನಾನು ಅಭ್ಯಾಸಬಲದಿಂದ ಉಪದೇಶಕ್ಕೆ ತೊಡಗಿದೆ. "ಇವ್ರಿಗೆ ವ್ಯಾಪಾರ ಗೊತ್ತಿಲ್ಲಮ್ಮ. ಮೇಜಲ್ಲಿ ಗೀರು ಇದ್ರೆ ಗಿರಾಕಿ ಟಾರ್ಚ್ ಬಿಡೋಕೆ ಮುಂಚೆ ನಾವೇ ತೋರಿಸ್ಬೇಕು. ಮೊದಲೇ ಹೇಳಿದ್ದಿದ್ರೆ ಸಿನಿಮಾ ಹತ್ತು ನಿಮಿಷಕ್ಕೆ ಮುಗೀತಿತ್ತು."

ಅಮ್ಮ ಟಿವಿಯಿಂದ ಕಣ್ಣು ತೆಗೆಯದೆ ಕೇಳಿದರು: "ಶನಿವಾರ ನನ್ನ ಯಾವ ಮಠಕ್ಕೆ ಕಳಿಸ್ತೀಯೇ?"

ಮೂರು ಕೋಣೆಯ ಫ್ಲ್ಯಾಟಿನಲ್ಲಿ ಫೋನಿನ ಮಾತು ಗುಟ್ಟಾಗಿ ಉಳಿಯುವುದಿಲ್ಲ. ಅಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ. "ಮಗು ಮದುವೆ. ಗೋದಾಮಾದ್ರೂ ಸರಿ, ಹೋಗ್ತೀನಿ. ಆದ್ರೆ ಆಮೇಲೆ? ಮಂಟಪದ ದಿವಸ ಎಲ್ಲಿಡ್ತೀಯ, ಅವಳ ಬಾಣಂತನದಲ್ಲಿ ಎಲ್ಲಿಡ್ತೀಯ?" ಎಂದರು. ತೆರೆಯ ಮೇಲೆ ಯಾರೋ ಯಾರನ್ನೋ ಕ್ಷಮೆ ಕೇಳುತ್ತಿದ್ದರು. ನಾನು ಕೇಳಲಿಲ್ಲ. ಕೇಳಿದ್ದರೆ ಸಿನಿಮಾ ಕೆಡಿಸಿದೆ ಎಂದು ಬೈಯುತ್ತಿದ್ದರು.

ಶನಿವಾರ ಅಮ್ಮನಿಗೆ ನಾನೇ ರೇಷ್ಮೆ ಸೀರೆಯ ನೆರಿಗೆ ಹಿಡಿದು, ಸೋಫಾದ ನಡುವೆ ಕೂರಿಸಿದೆ. ಬೀಗರು ಬಂದರು. ಕಾಫಿ ಇನ್ನೂ ಒಳಗಿತ್ತು. ನಾನು ನಿಂತುಕೊಂಡೇ ಹೇಳಿದೆ: "ಇವರು ನಮ್ಮಮ್ಮ. ಮೈಸೂರಲ್ಲಿದ್ದಾರೆ ಅಂದಿದ್ದು ಸುಳ್ಳು. ನಾನು ಚಿಕ್ಕೋಳಿದ್ದಾಗ ಇವರಿಗೆ ತಲೆ ಕೆಟ್ಟಿತ್ತು, ಆಸ್ಪತ್ರೇಲಿದ್ರು. ಈಗಲೂ ದಿನಾ ಮಾತ್ರೆ ತಗೋತಾರೆ. ನಿಮಗೆ ಬೇಡ ಅನ್ನಿಸಿದ್ರೆ ಕಾಫಿ ಕುಡಿದು ಹೋಗಿ, ಬೇಜಾರಿಲ್ಲ."

ಹುಡುಗನ ತಂದೆ ಫ್ಯಾನನ್ನು ಪರೀಕ್ಷಿಸತೊಡಗಿದರು. ಸುಮಿತ್ರಾ ನನ್ನನ್ನೇ ನೋಡಿದರು. "ಸುಳ್ಳು ಯಾಕೆ ಹೇಳಿದ್ರಿ?"

"ಹೆದರಿಕೊಂಡೆ."

"ಇವಳು ಹೆದರಿದ್ದನ್ನ ನಾನು ನೋಡಿದ್ದು ಇದೇ ಮೊದಲು," ಎಂದರು ಅಮ್ಮ. "ನಾನು ಆಸ್ಪತ್ರೇಲಿದ್ದಾಗ ಬಿಡುಗಡೆ ಯಾವಾಗ ಅಂತ ಅಲ್ಲಿನ ಡಾಕ್ಟ್ರ ಹತ್ರಾನೇ ಚೌಕಾಸಿ ಮಾಡಿದ್ಲು. ಹನ್ನೆರಡು ವರ್ಷ ಇವಳಿಗೆ."

ಹುಡುಗನ ತಂದೆ ಫ್ಯಾನ್ ಬಿಟ್ಟು ನಕ್ಕರು. ಸುಮಿತ್ರಾ ನಗಲಿಲ್ಲ. ಯಾವ ಮಾತ್ರೆ, ಯಾವ ಹೊತ್ತಿಗೆ, ನಿದ್ದೆ ಹೇಗೆ ಎಂದು ಅಮ್ಮನನ್ನೇ ಕೇಳಿದರು. ಅಮ್ಮ ವಾರದ ಏಳು ಖಾನೆಯ ಡಬ್ಬಿ ತಂದು ತೋರಿಸಿದರು. ಹೊರಡುವಾಗ ಸುಮಿತ್ರಾ, "ಯೋಚನೆ ಮಾಡಿ ಹೇಳ್ತೀವಿ" ಎಂದರು. ವ್ಯಾಪಾರದಲ್ಲಿ ಈ ಮಾತಿಗೆ ಒಂದೇ ಅರ್ಥ, ನನಗೆ ಚೆನ್ನಾಗಿ ಗೊತ್ತು. ನಿವೇದಿತಾ ಮಾತ್ರ ಕಪ್ಪುಗಳನ್ನು ಎತ್ತಿಕೊಂಡು, "ಇಟ್ಸ್ ಓಕೆ ಅಮ್ಮ, ಬೇಡ ಅಂದ್ರೆ ಬೇಡ. ನೀನು ಹೇಳಿದ್ದು ಸರಿ" ಎಂದಳು. ಲೋಕಜ್ಞಾನವಿಲ್ಲದವಳ ಮುಂದೆ ನಾನು ಕಣ್ಣೊರೆಸಿಕೊಂಡೆ.

ಮಂಗಳವಾರ ಫೋನ್ ಬಂತು. ನನಗಲ್ಲ, ಅಮ್ಮನಿಗೆ. ನಿಶ್ಚಿತಾರ್ಥಕ್ಕೆ ಹೆಣ್ಣಿನ ಕಡೆಯಿಂದ ತಾಂಬೂಲ ಕೊಡಬೇಕಾದವರು ಮನೆಯ ಹಿರಿಯರಲ್ಲವೇ, ಅವರಿಗೆ ಯಾವ ದಿನ ಅನುಕೂಲ ಎಂದು ಸುಮಿತ್ರಾ ಕೇಳುತ್ತಿದ್ದರು. ಹಿರಿಯರು ಒಂದು ಭಾನುವಾರ ಹೇಳಿದರು. ಸಿನಿಮಾ ನೋಡುವ ಹೊತ್ತು ತಪ್ಪದಂತೆ, ಬೆಳಗಿನ ಮುಹೂರ್ತವೇ ಬೇಕೆಂದೂ ಹೇಳಿದರು. ಎರಡೂ ಒಪ್ಪಿಗೆಯಾದವು.

ಆ ಭಾನುವಾರ ಅಮ್ಮ ಬೆಳ್ಳಿ ತಟ್ಟೆ ಹಿಡಿದು ನಿಂತಾಗ ಕೈ ನಡುಗಿತು. ಎಲೆಗಳು ಅದುರಿದವು, ಅಡಿಕೆ ತಟ್ಟೆಯಲ್ಲಿ ಸದ್ದು ಮಾಡಿತು. ಆಸರೆ ಕೊಡಲು ನಾನು ಚಾಚಿದ ಕೈಯನ್ನು ಅಮ್ಮ ಮೊಣಕೈಯಿಂದಲೇ ಸರಿಸಿದರು. ನೆರೆದವರಿಗೆಲ್ಲ ಕೇಳುವಂತೆ ಹೇಳಿದರು: "ಈ ನಡುಕ ಮಾತ್ರೆಯದು, ಹೆದರಿಕೆಯದಲ್ಲ."

"ಗೊತ್ತು, ಕೊಡಿ ಅಮ್ಮ," ಎಂದು ಸುಮಿತ್ರಾ ಸೆರಗೊಡ್ಡಿದರು.