ಎರಡು ಚೊಂಬು ನೀರಿನ ಗುಟ್ಟು

ಟ್ರಂಕಿನ ತಳದಲ್ಲಿದ್ದ ಹಳೆಯ ನೋಟ್‌ಬುಕ್ಕನ್ನು ಮೊನ್ನೆ ತೆರೆದೆ. ಗ್ರೀಸಿನ ವಾಸನೆ ಇನ್ನೂ ಹೋಗಿಲ್ಲ. ಆ ವಾಸನೆಗೆ ಮೊದಲು ನೆನಪಾದವರು ಅತ್ತೆ, ಅವರ ಹಿಂದೆಯೇ ಮೋಟಾರ್ ಮೆಕ್ಯಾನಿಕ್. ಅತ್ತೆಯನ್ನು ನೆನೆದರೆ ಕಣ್ಣು ತುಂಬುತ್ತದೆ. ಅವನನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಅರವತ್ತರ ದಶಕ. ನಾನು ತಮಿಳುನಾಡಿನ ಮಾರ್ಕಯನ್‌ಕೋಟ್ಟೈ ಎಂಬ ಊರಿಗೆ ಸೊಸೆಯಾಗಿ ಬಂದ ಹೊಸತು, ಬಾವಿಗಳಿಗೆ ಕರೆಂಟ್ ಮೋಟಾರ್ ಬಂದದ್ದೂ ಹೊಸತು. ಅತ್ತೆ ಎಂದರೆ ನನ್ನ ಗಂಡನ ಸೋದರತ್ತೆ. ತಮ್ಮ ಗಂಡ ತೀರಿಕೊಂಡ ಮೇಲೆ ಅವರೊಬ್ಬರೇ ವೀಳ್ಯದೆಲೆ ತೋಟ ನೋಡಿಕೊಂಡಿದ್ದರು. ಮೋಟಾರಿನ ಜೊತೆ ಬಂದ ಪುಸ್ತಕ ಇಂಗ್ಲಿಷಿನದು, ಯಾರಿಗೂ ಓದಲು ಬಾರದು. ಹಾಗಾಗಿ ನೀರು ನಿಂತಾಗಲೆಲ್ಲ ಮೆಕ್ಯಾನಿಕ್ಕೇ ದೇವರು. ಬಂದವನೇ "ಎಲ್ಲಾರುಂ ವೆಳಿಯ ಪೋಂಗ" ಎಂದು ತಮಿಳಿನಲ್ಲಿ ಗದರಿಸಿ, ನಮ್ಮನ್ನೆಲ್ಲ ಹೊರಗಟ್ಟಿ ಮೋಟಾರ್ ಗುಡಿಸಲಿನ ಬಾಗಿಲು ಹಾಕಿಕೊಳ್ಳುತ್ತಿದ್ದ. ಐದು ನಿಮಿಷಕ್ಕೆ ನೀರು ಧುಮುಕುತ್ತಿತ್ತು.

ಒಂದು ಬೇಸಿಗೆಯಲ್ಲಿ ಅತ್ತೆ, ಒಳಗೆ ಏನು ಮಾಡುತ್ತೀಯಪ್ಪಾ ಎಂದು ಕೇಳಿಬಿಟ್ಟರು. ಅದೇ ತಪ್ಪಾಯಿತು. ಮುಂದಿನ ಸಲ ನೀರು ನಿಂತಾಗ ಎಂಟು ದಿನ ಅವನು ಈ ಕಡೆ ತಲೆ ಹಾಕಲಿಲ್ಲ. ಕೇಳಿದವಳೇ ಮಾಡಿಕೊಳ್ಳಲಿ ಎಂದನಂತೆ. ಬಳ್ಳಿಗಳು ಬುಡದವರೆಗೂ ಒಣಗಿದವು. ಅತ್ತೆ ಅಳಲಿಲ್ಲ. ಒಣಗಿದ ಒಂದು ಬಳ್ಳಿ ಕೈಯಲ್ಲಿ ಹಿಡಿದು, "ಅವ್ನ್ ಕೂಳ್ಗೆ ಮಣ್ ಆಕ್ದೆ ಬುಡಲ್ಲ" ಎಂದರು.

ಅವನು ಕೊನೆಗೂ ಬಂದಾಗ ಅತ್ತೆ ಗುಡಿಸಲಿನ ತೆಂಗಿನ ಗರಿಯ ಗೋಡೆಯ ಸಂದಿಗೆ ಕಣ್ಣಿಟ್ಟು ನಿಂತರು. ಪಂಪಿನ ಬಾಯಿಗೆ ಎರಡು ಚೊಂಬು ನೀರು ಹುಯ್ದ, ಮುಚ್ಚಳ ಬಿಗಿದ, ಗುಂಡಿ ಒತ್ತಿದ. ಅಷ್ಟೇ! ಆ ಎರಡು ಚೊಂಬಿಗೆ ಒಂದು ತೋಟ ಹೋಗಿತ್ತು...

ನಮ್ಮ ಮನೆಮಾತು ಕನ್ನಡ, ಕಲಿತ ಅಕ್ಷರ ತಮಿಳು. ಮೋಟಾರ್ ಹಾಕುವ ಬಗೆಯನ್ನು ಅತ್ತೆ ಒಂದು ನೋಟ್‌ಬುಕ್ಕಿನಲ್ಲಿ, ತಮಿಳು ಅಕ್ಷರದಲ್ಲಿ ಮನೆಮಾತಿನಲ್ಲೇ ಬರೆಯಲು ಕೂತರು. ಬರೆದದ್ದು ಸರಿಯೇ ಎಂದು ನೋಡಲು, ಕರೆಂಟ್ ಎಂದರೆ ನಡುಗುತ್ತಿದ್ದ ನನ್ನನ್ನೇ ಹಿಡಿದರು. ಓದಿಕೊಂಡು ನಾನು ಮಾಡಬೇಕು, ಅವರು ಬಾಯಿ ಬಿಡದೆ ನಿಲ್ಲುವರು. ನಾನು ತಡವರಿಸಿದ ಸಾಲನ್ನು ಹೊಡೆದುಹಾಕಿ ಮತ್ತೆ ಬರೆಯುವರು. ಮುಚ್ಚಳ ಬಿಚ್ಚು ಎಂದಿತ್ತು, ನೋಡಿದರೆ ಮುಚ್ಚಳ ಎರಡು. ಒಂದಕ್ಕೆ ಅರಿಶಿನ ಬಳಿದು, 'ಅರಿಶಿನದ ಮುಚ್ಚಳ' ಎಂದು ತಿದ್ದಿದರು. ನೀರು ಎಷ್ಟು ಎಂದು ತಿಳಿಯದೆ ನಿಂತೆ. 'ಗುಳ್ಳೆ ನಿಲ್ಲುವವರೆಗೆ' ಎಂದು ಸೇರಿಸಿದರು. ಒಂದು ದಿನ ಒದ್ದೆ ಕೈಯಲ್ಲೇ ಗುಂಡಿ ಒತ್ತಿ, ಕರೆಂಟ್ ಹೊಡೆದು ಹಿಂದಕ್ಕೆ ಬಿದ್ದೆ. ಅತ್ತೆ ಓಡಿಬಂದರು.

"ನಿಂದ್ ತಪ್ಪಿಲ್ಲ ನನ್ ಕಣ್ಣು, ಕೈ ಒರ್ಸು ಅಂತ ನಾ ಬರೀಲಿಲ್ವಲ್ಲ" ಎಂದು ನನ್ನ ಅಂಗೈ ತಿಕ್ಕುತ್ತಾ ಕೂತರು.

ಆಮೇಲೆ ಇಬ್ಬರೂ ಅದರ ಪ್ರತಿ ಮಾಡಿದ್ದೇ ಮಾಡಿದ್ದು. ನೆಂಟರ ಕೈಯಲ್ಲಿ ಅವು ಕೊಂಬೈ ಊರಿನವರೆಗೂ ಹೋದವು. ಹೆಂಗಸರೇ ಮೋಟಾರ್ ಹಾಕತೊಡಗಿದರು, ಅವನನ್ನು ಕೇಳುವವರಿಲ್ಲದಾಯಿತು. ಒಂದು ದಿನ ತಾನಾಗಿಯೇ ಬಂದ. ಗುಡಿಸಲಿನ ಬಾಗಿಲಿಗೆ ಅಂಟಿಸಿದ್ದ ಹಾಳೆಯನ್ನು ಅಕ್ಷರ ಕೂಡಿಸಿ ಓದಿದ, ಕನ್ನಡ ಬಾರದ ಅವನಿಗೆ ಒಂದು ಮಾತೂ ತಿಳಿಯಲಿಲ್ಲ. ಇದೇನು ಎಂದು ಅತ್ತೆಯನ್ನೇ ಕೇಳಿದ. ಅತ್ತೆ ದಾರಿಯತ್ತ ಕೈ ತೋರಿಸಿ "ವೆಳಿಯ ಪೋ" ಎಂದರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಂಥ ಸುಖ ನನಗೆ ಮತ್ತೆ ಸಿಕ್ಕಿಲ್ಲ.

ಕೆಲವು ವರ್ಷಕ್ಕೆ ಅತ್ತೆ ಜ್ವರದಲ್ಲಿ ಹೋಗಿಬಿಟ್ಟರು. ಅದೇ ಬೇಸಿಗೆ ಆ ಮೆಕ್ಯಾನಿಕ್ಕನ ಸೊಸೆ ನನ್ನ ಅಂಗಳಕ್ಕೆ ಬಂದಳು. ಮಾವನಿಗೆ ಲಕ್ವ ಹೊಡೆದು ಮಾತು ಬಿದ್ದುಹೋಗಿದೆ, ಗಂಡ ಊರಲ್ಲಿಲ್ಲ, ಗುತ್ತಿಗೆಗೆ ಹಿಡಿದ ಎಲೆ ತೋಟಕ್ಕೆ ಮೂರು ದಿನದಿಂದ ನೀರಿಲ್ಲ, ನೀವು ಬರೆದದ್ದನ್ನು ತಮಿಳಿನಲ್ಲಿ ಹೇಳಿಕೊಡಿ ಅಕ್ಕಾ ಎಂದಳು. ಅಂಥದ್ದೇನೂ ನಮ್ಮಲ್ಲಿಲ್ಲ ಎಂದೆ. ಅವಳು ಬಂದ ದಾರಿಯಲ್ಲೇ ಹೋದಳು.

ಈಗ ನೋಟ್‌ಬುಕ್ ತೊಡೆಯ ಮೇಲಿದೆ. ಅವನ ಮೇಲೆ ನನಗೆ ಎಳ್ಳಷ್ಟೂ ಕನಿಕರವಿಲ್ಲ. ಆದರೆ ಅತ್ತೆ ಇದ್ದಿದ್ದರೆ ಆ ಹೆಣ್ಣನ್ನು ಒಳಗೆ ಕರೆಯುತ್ತಿದ್ದರೋ, ನನ್ನ ಹಾಗೆಯೇ ಕಳಿಸುತ್ತಿದ್ದರೋ... ಕೇಳೋಣವೆಂದರೆ ಅವರಿಲ್ಲ. ಅವಳ ತೋಟ ಉಳಿಯಿತೋ ಒಣಗಿತೋ, ಅದನ್ನು ಮಾತ್ರ ನಾನು ಇಷ್ಟು ವರ್ಷ ಯಾರನ್ನೂ ಕೇಳಿಲ್ಲ.